ಹಾಯಿದೋಣಿ ದೊಡ್ಡ ಹಡಗಿನ ಕಣ್ಣಿಗೆ ಬೀಳಬೇಕಾದರೆ

ಸಕಲೇಶಪುರದ ಸುತ್ತಮುತ್ತ ರಾತ್ರಿ ಹೊತ್ತು ಗಾಡಿ ಓಡಿಸಿದವರಿಗೆ ಈ ಮಾತು ಹೊಸದಲ್ಲ. ಆನೆ ಎಷ್ಟು ದೊಡ್ಡದು! ಆದರೂ ರಸ್ತೆ ಮಧ್ಯ ನಿಂತಿದ್ದರೆ ತೀರಾ ಹತ್ತಿರ ಹೋಗುವ ತನಕ ಗೊತ್ತೇ ಆಗುವುದಿಲ್ಲ. ಹೆಡ್‌ಲೈಟ್ ಬೆಳಕನ್ನೆಲ್ಲ ಅದರ ಮೈ ನುಂಗಿಬಿಡುತ್ತದೆ. ಅದೇ ತಿರುವಿನ ಕಲ್ಲಿಗೆ ಅಂಟಿಸಿದ ಬೆಂಕಿಪೊಟ್ಟಣದಷ್ಟು ರಿಫ್ಲೆಕ್ಟರ್ ನೋಡಿ, ಅಷ್ಟು ದೂರದಿಂದಲೇ ಮಿಂಚುತ್ತದೆ. ಸಮುದ್ರದಲ್ಲೂ ಲೆಕ್ಕ ಇದೇ.

ನಾನು ಹಾನುಬಾಳು ಕಡೆಯವನು. 22 ವರ್ಷ ಸರಕು ಹಡಗುಗಳ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ, ನಿಂತು ವಾಚ್ (ಕಾವಲು ಪಾಳಿ) ಮಾಡಿದವನು. ಈಗ ಒಂಬತ್ತು ಎಕರೆ ಕಾಫಿ, ಅದರ ಜೊತೆ ಒಂದಿಷ್ಟು ಮೆಣಸು ನೋಡಿಕೊಂಡು ಮನೆಯಲ್ಲಿದ್ದೇನೆ. ಅಕ್ಕನ ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಒಬ್ಬ ಸ್ನೇಹಿತನ ಜೊತೆ ಪಾಲು ಹಾಕಿ ಹಳೇದೊಂದು 24 ಅಡಿಯ ಫೈಬರ್ ಹಾಯಿದೋಣಿ ತೆಗೆದುಕೊಂಡ. "ಮಾವ, ಪಣಂಬೂರಿನ ಆಚೆ ದೊಡ್ಡ ಟ್ಯಾಂಕರ್‌ಗಳು ಓಡಾಡ್ತಿರ್ತವೆ. ಅವಕ್ಕೆ ನಾವು ಕಾಣ್ತೀವಾ?" ಅಂತ ಕೇಳಿದ. "ಇಲ್ಲ ಕಣೋ" ಅಂದೆ. ಹುಡುಗನ ಮುಖ ಸಪ್ಪಗಾಯಿತು. ಆಮೇಲೆ ಕಾಣುವ ಹಾಗೆ ಮಾಡಲು ಮೂರು ತಿಂಗಳು ಶನಿವಾರ, ಭಾನುವಾರ ಎಲ್ಲ ಹಿಡಿಯಿತು. ಏನೇನು ಮಾಡಿದೆವು, ಯಾಕೆ ಮಾಡಿದೆವು ಅನ್ನುವುದನ್ನು ಬರೆಯುತ್ತೇನೆ.

ಮೊದಲು ನೀವು ದೋಣಿಯಿಂದ ಇಳಿದು ಹಡಗಿನ ಬ್ರಿಡ್ಜ್‌ಗೆ ಬನ್ನಿ. ನೀರಿನಿಂದ 30 ಮೀಟರ್ ಎತ್ತರ ಅಂದುಕೊಳ್ಳಿ. ಅಲ್ಲಿಂದ ದಿಗಂತ ಸುಮಾರು 11 ನಾಟಿಕಲ್ ಮೈಲಿ ದೂರ (ಮುಂದೆ ಬರೀ ಮೈಲಿ ಅಂದರೂ ಇದೇ, ಸುಮಾರು 1.85 ಕಿಲೋಮೀಟರ್). ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅಷ್ಟು ಮೇಲಿನಿಂದ ನೋಡುವವನಿಗೆ ನಿಮ್ಮ ದೋಣಿಯ ಹಿಂದೆ ಆಕಾಶ ಇರುವುದಿಲ್ಲ, ನೀರಿರುತ್ತದೆ. ಗಾಳಿ ಸ್ವಲ್ಪ ಜೋರಾದರೆ ಸಮುದ್ರದ ತುಂಬ ಬಿಳಿ ನೊರೆ. ನಿಮ್ಮ ಬಿಳಿ ಹಾಯಿ ಅದರಲ್ಲಿ ಇನ್ನೊಂದು ನೊರೆ, ಅಷ್ಟೇ. ರಾತ್ರಿ ಬ್ರಿಡ್ಜ್‌ನಲ್ಲಿ ಇರುವುದು ಒಬ್ಬ ಆಫೀಸರ್, ಒಬ್ಬ ಲುಕ್‌ಔಟ್, ಅಂದರೆ ಸುತ್ತ ನೋಡುತ್ತಲೇ ಇರಬೇಕಾದವನು. ಆಫೀಸರ್ ರೇಡಾರ್ ನೋಡಬೇಕು, ಚಾರ್ಟ್ ನೋಡಬೇಕು, ರೇಡಿಯೋ ಕೇಳಬೇಕು, ಲಾಗ್ ಬರೆಯಬೇಕು. ಹಡಗಿನ ಮೂತಿಯ ಮುಂದೆ ಕಾಣದ ಜಾಗವೂ ಇರುತ್ತದೆ. ಹಡಗಿನ ಎರಡು ಉದ್ದ ಅಥವಾ 500 ಮೀಟರ್, ಯಾವುದು ಕಡಿಮೆಯೋ ಅಷ್ಟರವರೆಗೆ ನೀರು ಮರೆಯಾದರೂ ನಿಯಮ ಒಪ್ಪುತ್ತದೆ. ಅಂದರೆ ತೀರಾ ಹತ್ತಿರ ಬಂದ ಮೇಲೆ ನೀವು ಕಾಣುವುದೇ ಇಲ್ಲ.

ವೇಗದ ಲೆಕ್ಕ ಹಾಕಿ. 15 ನಾಟ್‌ನಲ್ಲಿ, ಅಂದರೆ ಗಂಟೆಗೆ 15 ಮೈಲಿ ವೇಗದಲ್ಲಿ, ಬರುವ ಹಡಗು 4 ನಿಮಿಷಕ್ಕೆ ಒಂದು ಮೈಲಿ ಬರುತ್ತದೆ. 20 ನಾಟ್ ಆದರೆ 3 ನಿಮಿಷ. ಲೋಡ್ ತುಂಬಿದ ದೊಡ್ಡ ಟ್ಯಾಂಕರ್ ನಿಲ್ಲಬೇಕಾದರೆ ಮೈಲಿಗಟ್ಟಲೆ ಬೇಕು. ನನ್ನ ರೂಢಿ ಹೇಳುವುದಾದರೆ, ಎದುರಿಗೆ ಏನಾದರೂ ಇದ್ದರೆ ಆರು ಮೈಲಿಗೇ ತಲೆ ಕೆಡಿಸಿಕೊಳ್ಳಲು ಶುರು ಮಾಡುತ್ತಿದ್ದೆ. ಮೂರು ಮೈಲಿ ಒಳಗೆ ಬರುವುದರಲ್ಲಿ ತಿರುಗಿಸಿ ಮುಗಿಸಿರುತ್ತಿದ್ದೆ. ಹಾಗಾಗಿ ಹಡಗಿಗೆ ಏನಾದರೂ ಮಾಡಲು ಸಮಯ ಇರುವಾಗಲೇ ನೀವು ಕಾಣಬೇಕು. ಆಮೇಲೆ ಕಂಡರೆ ಬರೀ ನೋಡಿದ ಹಾಗಾಯಿತು.

ಒಂದು ರಾತ್ರಿಯ ಕತೆ ಹೇಳಿಬಿಡುತ್ತೇನೆ. ಆಗ ಥರ್ಡ್ ಆಫೀಸರ್ ಆಗಿದ್ದೆ. 8ರಿಂದ 12ರ ವಾಚ್. ಜನವರಿ ತಿಂಗಳು, ಕೊಚ್ಚಿ ಕಡೆಯಿಂದ ಮೇಲಕ್ಕೆ ಬರುತ್ತಿದ್ದೆವು. ರೇಡಾರ್ ಖಾಲಿ. ಇದ್ದಕ್ಕಿದ್ದ ಹಾಗೆ ಮುಂದೆ ನೀರಿನ ಮೇಲೆ ಹಳದಿ ಬಣ್ಣದ ತ್ರಿಕೋನ ಒಂದು ಹೊತ್ತಿಕೊಂಡಿತು. ಆರಿತು. ಮತ್ತೆ ಹೊತ್ತಿಕೊಂಡಿತು. ಯಾರೋ ಹಾಯಿಯ ಮೇಲೆ ಟಾರ್ಚ್ ಬಿಡುತ್ತಿದ್ದರು. ಮುಕ್ಕಾಲು ಮೈಲಿಯೂ ಇರಲಿಲ್ಲ. ಚುಕ್ಕಾಣಿ ಪೂರ್ತಿ ಬಲಕ್ಕೆ ಹಾಕಿಸಿದೆ. ಹಡಗು ಮೂತಿ ತಿರುಗಿಸುವಷ್ಟರಲ್ಲಿ ಎಸಿ ರೂಮಿನಲ್ಲೂ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ದೋಣಿ ನಮ್ಮ ಎಡಗಡೆಯಿಂದ ಹಿಂದಕ್ಕೆ ಸರಿಯಿತು. ಅದಕ್ಕೆ ಕೆಂಪು ದೀಪ ಇತ್ತು ಅಂತ ಆಗಲೇ ಕಂಡಿದ್ದು. ಉಪ್ಪು ಹಿಡಿದು ಮಂಕಾಗಿತ್ತು. ಅವರು ದೀಪ ಹಾಕಿಯೇ ಇದ್ದರು. ನನಗೆ ಕಾಣಲಿಲ್ಲ ಅಷ್ಟೇ.

ಹಾಗಾಗಿ ದೀಪದಿಂದಲೇ ಶುರು ಮಾಡೋಣ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮ 1972ರದ್ದು, ಜಾರಿಗೆ ಬಂದಿದ್ದು 1977ರಲ್ಲಿ. ಹಾಯಿ ಬಿಚ್ಚಿ ಹೋಗುತ್ತಿರುವ ದೋಣಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ ದೀಪ ಬೇಕು. ಕೆಂಪು, ಹಸಿರು ಒಂದೊಂದೂ 112.5 ಡಿಗ್ರಿ ಕಾಣಬೇಕು, ಬಿಳಿ 135 ಡಿಗ್ರಿ. ಮೂರೂ ಸೇರಿದರೆ ಸರಿಯಾಗಿ ಒಂದು ಸುತ್ತು. 7 ಮೀಟರ್‌ಗಿಂತ ಸಣ್ಣ ದೋಣಿಗೆ ಇಷ್ಟೆಲ್ಲ ಕೂರಿಸಲು ಆಗದಿದ್ದರೆ ಕೈಯಲ್ಲಿ ಟಾರ್ಚ್ ಸಿದ್ಧವಾಗಿ ಇಟ್ಟುಕೊಂಡರೂ ಆಗುತ್ತದೆ. ಅಳಿಯನ ದೋಣಿ 7.3 ಮೀಟರ್. ಒಂದು ಅಡಿ ಉದ್ದಕ್ಕೆ ರಿಯಾಯಿತಿ ತಪ್ಪಿಹೋಯಿತು. ಒಳ್ಳೆಯದೇ ಆಯಿತು ಅನ್ನಿ.

ನಿಯಮದಲ್ಲಿ ಇನ್ನೊಂದು ಮಾತಿದೆ. 12 ಮೀಟರ್‌ಗಿಂತ ಸಣ್ಣ ದೋಣಿಯ ಕೆಂಪು, ಹಸಿರು ದೀಪ ಒಂದೇ ಮೈಲಿ ಕಂಡರೆ ಸಾಕು. ಹಿಂದಿನ ಬಿಳಿ ಎರಡು ಮೈಲಿ. ಈಗಷ್ಟೇ ಲೆಕ್ಕ ಹಾಕಿದೆವಲ್ಲ, ಒಂದು ಮೈಲಿ ಅಂದರೆ 3-4 ನಿಮಿಷ. ಅಷ್ಟರಲ್ಲಿ ಆಫೀಸರ್ ದೀಪ ನೋಡಿ, ಅದೇನು ಅಂತ ಅರ್ಥ ಮಾಡಿಕೊಂಡು, ತಿರುಗಿಸಬೇಕು. ಆದ್ದರಿಂದ ಎರಡು ಮೈಲಿ ಕಾಣುತ್ತದೆ ಅಂತ ಪ್ರಮಾಣಪತ್ರ ಇರುವ ದೀಪವನ್ನೇ ಕೊಳ್ಳಿ. ಬೆಲೆ ಜಾಸ್ತಿ. ಇರಲಿ.

20 ಮೀಟರ್‌ಗಿಂತ ಸಣ್ಣ ಹಾಯಿದೋಣಿಯಲ್ಲಿ ಈ ಮೂರನ್ನೂ ಒಂದೇ ಲ್ಯಾಂಟರ್ನ್‌ನಲ್ಲಿ ಸೇರಿಸಿ ಹಾಯಿಕಂಬದ ತುದಿಗೆ ಹಾಕಬಹುದು. ಟ್ರೈಕಲರ್ ಅನ್ನುತ್ತಾರೆ. ನನ್ನ ಮತ ಅದಕ್ಕೇ. ಡೆಕ್ ಮಟ್ಟದ ದೀಪ ಅಲೆ ಎದ್ದಾಗ ಮುಳುಗುತ್ತದೆ, ದೋಣಿ ವಾಲಿದಾಗ ಹಾಯಿಯ ಮರೆಗೆ ಹೋಗುತ್ತದೆ. ಆದರೆ ಟ್ರೈಕಲರ್ ಹಾಯಿಯಲ್ಲಿ ಹೋಗುವಾಗ ಮಾತ್ರ. ಎಂಜಿನ್ ಹಾಕಿದ ತಕ್ಷಣ, ಹಾಯಿ ಬಿಚ್ಚಿದ್ದರೂ ಸರಿ, ನಿಮ್ಮದು ಯಂತ್ರದ ದೋಣಿ. ಆಗ ಟ್ರೈಕಲರ್ ಆರಿಸಿ ಕೆಳಗಿನ ಕೆಂಪು, ಹಸಿರು, ಹಿಂದಿನ ಬಿಳಿ ಹಾಕಬೇಕು. ಜೊತೆಗೆ ಕಂಬದ ಮೇಲೆ ಮುಂದಕ್ಕೆ ಕಾಣುವ ಬಿಳಿ ದೀಪ. ಎಲ್ಲವನ್ನೂ ಒಟ್ಟಿಗೆ ಹಚ್ಚಿ ಜಾತ್ರೆ ಮಾಡಬೇಡಿ. ಹೆಚ್ಚು ದೀಪ ಕಂಡರೆ ಬ್ರಿಡ್ಜ್‌ನವನು ಗೊಂದಲಕ್ಕೆ ಬೀಳುತ್ತಾನೆ. ಮಿಣಮಿಣ ಹೊಡೆಯುವ ಸ್ಟ್ರೋಬ್ ದೀಪವೂ ಬೇಡ. ಗಮನ ಸೆಳೆಯಲು ಅದನ್ನು ಬಳಸಬಾರದು ಅಂತ ನಿಯಮವೇ ಇದೆ.

ದೀಪ ತಂದ ಮೇಲೆ ನೇರ ಕಂಬಕ್ಕೆ ಹತ್ತಿಸಬೇಡಿ. ನಾವು ಮನೆ ಮುಂದಿನ ಕಾಫಿ ಕಣದಲ್ಲಿ ಪರೀಕ್ಷೆ ಮಾಡಿದೆವು. ಮೆಣಸು ಕೊಯ್ಯುವ ಏಣಿಯನ್ನು ಕಣದ ಮಧ್ಯ ನಿಲ್ಲಿಸಿ, ಅದರ ತುದಿಗೆ ಟ್ರೈಕಲರ್ ಕಟ್ಟಿದೆವು. ಕತ್ತಲಾದ ಮೇಲೆ ಅಳಿಯ ಮೊಬೈಲ್‌ನ ದಿಕ್ಸೂಚಿ ಹಿಡಿದು ಸುತ್ತ ನಡೆದ. ಬಣ್ಣ ಬದಲಾದ ಕಡೆ ನಾನು ಸುಣ್ಣದ ಗೆರೆ ಎಳೆದೆ. ಕೆಂಪು ಸರಿಯಾಗಿ ಮೂತಿಯ ನೇರಕ್ಕೆ ಮುಗಿಯಬೇಕು. ನಮ್ಮದರಲ್ಲಿ ಹತ್ತು ಡಿಗ್ರಿ ದಾಟಿ ಹಸಿರಿನ ಜಾಗಕ್ಕೆ ಬಂದಿತ್ತು. ಲೆನ್ಸ್ ಕೂರಿಸುವಾಗ ಯಾರೋ ತಿರುಚಿ ಕೂರಿಸಿದ್ದರು. ಹತ್ತು ಡಿಗ್ರಿ ತಪ್ಪಿದರೆ ನಿಮ್ಮ ದೋಣಿ ಯಾವ ಕಡೆ ಮುಖ ಮಾಡಿದೆ ಅನ್ನುವುದನ್ನೇ ಹಡಗಿನವನು ತಪ್ಪು ತಿಳಿಯುತ್ತಾನೆ.

ಇನ್ನೊಂದು ಎಡವಟ್ಟು ಬಲ್ಬಿನದ್ದು. ಹಳೇ ಬಲ್ಬು ತೆಗೆದು ಸಿಕ್ಕಿದ ಎಲ್‌ಇಡಿ ಹಾಕಿದ್ದ ಅಳಿಯ. ಹಸಿರು ನೀಲಿಯ ಹಾಗೆ ಕಾಣುತ್ತಿತ್ತು. ಬಣ್ಣದ ಗಾಜನ್ನು ಹಳೇ ಬಲ್ಬಿನ ಬೆಳಕಿಗೆ ತಕ್ಕ ಹಾಗೆ ಮಾಡಿರುತ್ತಾರೆ. ಎಲ್‌ಇಡಿ ಬೇಕಾದರೆ ದೀಪ ಪೂರ್ತಿ ಎಲ್‌ಇಡಿಯದ್ದೇ ತನ್ನಿ. ಕೆಲವು ಅಗ್ಗದ ಎಲ್‌ಇಡಿಗಳು ಪಕ್ಕದ ವಿಎಚ್‌ಎಫ್ (ಹಡಗು, ದೋಣಿಯವರು ಮಾತಾಡುವ ರೇಡಿಯೋ) ಆಂಟೆನಾಗೆ ತೊಂದರೆ ಕೊಡುತ್ತವೆ. ರೇಡಿಯೋ ಹಾಕಿ, ಗರಗರ ಸದ್ದು ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ಮೌನವಾಗುವ ತನಕ ಮಾತ್ರ ತಿರುಗಿಸಿ, ದೀಪದ ಸ್ವಿಚ್ ಒತ್ತಿ. ರೇಡಿಯೋ ಗರ್ ಅಂದರೆ ಆ ದೀಪ ಬೇಡ.

ದೂರದ ಪರೀಕ್ಷೆಗೆ ಹೇಮಾವತಿ ಹಿನ್ನೀರಿಗೆ ಹೋದೆವು. ಶೆಟ್ಟಿಹಳ್ಳಿಯ ಹಳೇ ಚರ್ಚ್ ಕಡೆಯ ದಡದಲ್ಲಿ ಪಿಕಪ್ ನಿಲ್ಲಿಸಿ, ಕಂಬ ಕಟ್ಟಿ ದೀಪ ಹಚ್ಚಿದೆವು. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. ನಕ್ಷೆಯಲ್ಲಿ ಅಷ್ಟು ದೂರ ಅಳೆದು ನಾನು ಬೇರೆ ದಡಕ್ಕೆ ಹೋದೆ. ಹೊಸ ದೀಪ ಚೆನ್ನಾಗಿ ಕಂಡಿತು. ದೋಣಿಯ ಹಳೇ ದೀಪವನ್ನೂ ಅದರದ್ದೇ ವೈರಿನ ಸಮೇತ ಹಚ್ಚಿಸಿದೆ. ಏನೋ ಇದೆ ಅನ್ನಿಸುತ್ತಿತ್ತು, ಆದರೆ ಬಣ್ಣ ಹೇಳಲು ಆಗಲಿಲ್ಲ. ಮೀಟರ್ ಹಿಡಿದು ನೋಡಿದರೆ ಬ್ಯಾಟರಿಯಲ್ಲಿ 12.4 ವೋಲ್ಟ್, ದೀಪದ ಹತ್ತಿರ 10.6. ತೆಳ್ಳಗಿನ ವೈರ್, ಅದರ ತುದಿಯಲ್ಲಿ ಹಸಿರು ಕಿಲುಬು. ಕಂಬದ ತುದಿಗೆ ಹೋಗುವ ವೈರ್ ದಪ್ಪ ಇರಲಿ, ತವರದ ಲೇಪ ಇರುವುದು ಸಿಕ್ಕಿದರೆ ಇನ್ನೂ ಒಳ್ಳೆಯದು. ಪ್ರತಿ ಸಲ ಹೊರಡುವ ಮೊದಲು ಸಿಹಿನೀರಲ್ಲಿ ದೀಪದ ಗಾಜು ಒರೆಸಿ.

ಇನ್ನು ರೇಡಾರ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ.

ಫೈಬರ್ ದೋಣಿ ರೇಡಾರ್ ಅಲೆಗೆ ಹೆಚ್ಚುಕಮ್ಮಿ ಇಲ್ಲದ ಹಾಗೆ. ಅಲ್ಯುಮಿನಿಯಂ ಕಂಬ ಇದೆಯಲ್ಲ ಅನ್ನಬಹುದು. ಅದು ಗುಂಡಗಿದೆ, ಮೇಲಾಗಿ ದೋಣಿ ವಾಲುತ್ತಿರುತ್ತದೆ. ರೇಡಾರ್ ಅಲೆ ಅದಕ್ಕೆ ಬಡಿದು ಎಲ್ಲೆಲ್ಲೋ ಚದುರುತ್ತದೆ. ಬಂದ ದಾರಿಯಲ್ಲೇ ವಾಪಸ್ ಕಳಿಸಲು ಒಂದಕ್ಕೊಂದು ನೇರ ಕೋನದಲ್ಲಿ ನಿಂತ ಮೂರು ತಗಡು ಬೇಕು. ಗೋಡೆಯ ಮೂಲೆಗೆ ಚೆಂಡು ಹೊಡೆದರೆ ನಿಮ್ಮ ಕಡೆಗೇ ಬರುತ್ತದಲ್ಲ, ಹಾಗೆ. ಇಂಥ ಎಂಟು ಮೂಲೆಗಳನ್ನು ಒಟ್ಟಿಗೆ ಸೇರಿಸಿದರೆ ರೇಡಾರ್ ರಿಫ್ಲೆಕ್ಟರ್.

ಇದರಲ್ಲಿ ಗಾತ್ರವೇ ಎಲ್ಲ. ಅಳತೆ ಎರಡರಷ್ಟಾದರೆ ಪ್ರತಿಫಲನ 16 ಪಟ್ಟಾಗುತ್ತದೆ. ತಿರುಗಿಸಿ ಹೇಳಿದರೆ, ಅರ್ಧ ಅಳತೆಯ ಚಿಕ್ಕದು ತಂದರೆ ಹದಿನಾರರಲ್ಲಿ ಒಂದು ಪಾಲು ಮಾತ್ರ. ಕಂಬಕ್ಕೆ ಕಟ್ಟುವ ಎರಡು ಇಂಚಿನ ಕೊಳವೆಯಂಥ ರಿಫ್ಲೆಕ್ಟರ್ ನೋಡಲು ಅಂದ. ಹಗುರ. ಆದರೆ ಸುಮ್ನೆ ಮನಸ್ಸಿನ ಸಮಾಧಾನಕ್ಕೆ. 2006ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ಹತ್ತಿರ 'ಊಜೋ' ಅನ್ನುವ ಸಣ್ಣ ಹಾಯಿದೋಣಿ ರಾತ್ರಿ ದೊಡ್ಡ ಫೆರಿಯೊಂದಕ್ಕೆ ಸಿಕ್ಕಿ ಮೂರು ಜನ ಸತ್ತರು. ಅದರ ತನಿಖೆ ಮಾಡಿದವರು ಮಾರುಕಟ್ಟೆಯ ಹಲವು ರಿಫ್ಲೆಕ್ಟರ್‌ಗಳನ್ನು ಪರೀಕ್ಷೆಗೆ ಕಳಿಸಿದರು. ಎರಡಿಂಚಿನ ಕೊಳವೆ ಉಪಯೋಗಕ್ಕಿಲ್ಲ ಅಂತ 2007ರಲ್ಲಿ ವರದಿ ಬಂತು. ಅದೇ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಆ ರಾತ್ರಿ ಬ್ರಿಡ್ಜ್‌ನಲ್ಲಿದ್ದ ಲುಕ್‌ಔಟ್ ಬಿಸಿಲಿಗೆ ಕಪ್ಪಾಗುವ ಕನ್ನಡಕ ಹಾಕಿದ್ದ. ಅಂಥ ಗಾಜು ರಾತ್ರಿಯಲ್ಲೂ ಸ್ವಲ್ಪ ಬೆಳಕು ಕದಿಯುತ್ತದೆ. ನನ್ನ ಕನ್ನಡಕವೂ ಆಗ ಅದೇ ಥರದ್ದು. ಓದಿದ ವಾರವೇ ಬದಲಾಯಿಸಿದೆ.

ನಾವು ರಿಫ್ಲೆಕ್ಟರನ್ನು ಸಕಲೇಶಪುರದ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆವು. 1 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಶೀಟಿನಲ್ಲಿ ಸುಮಾರು 42 ಸೆಂಟಿಮೀಟರ್‌ನ ಮೂರು ಚೌಕ. ಮೂಲೆಯಿಂದ ಮೂಲೆಗೆ ಅಳೆದರೆ 60 ಸೆಂಟಿಮೀಟರ್ ಬರುತ್ತದೆ. ಸೀಳು ಮಾಡಿ ಒಂದರೊಳಗೊಂದು ತೂರಿಸಿ, ಎಲ್ ಆಂಗಲ್ ಇಟ್ಟು ರಿವೆಟ್ ಹೊಡೆಸಿದೆವು. ಎಲ್ಲ ಸೇರಿ ಎರಡು ಕಿಲೋ ಒಳಗೆ. ಕೋನ ಮಾತ್ರ ಕರಾರುವಾಕ್ಕಾಗಿ 90 ಇರಬೇಕು. ಎರಡು ಡಿಗ್ರಿ ತಪ್ಪಿದರೂ ಶಕ್ತಿ ಇಳಿಯುತ್ತದೆ. ಅಂಗಡಿಯವನು "ಇದೇನ್ ಸಾರ್, ಆಕಾಶಬುಟ್ಟಿನಾ?" ಅಂತ ಕೇಳಿದ. ಮೂಲೆಮಟ್ಟ ಹಿಡಿದು ಎಲ್ಲ ಮೂಲೆಯನ್ನೂ ನಾನು ಅಲ್ಲೇ ನಿಂತು ನೋಡಿದೆ. ಎರಡು ಕಡೆ ಬಿಚ್ಚಿಸಿ ಮತ್ತೆ ಹೊಡೆಸಿದೆ. ಅವನಿಗೆ ಸ್ವಲ್ಪ ಬೇಜಾರಾಯಿತು.

ನೇತು ಹಾಕುವ ರೀತಿ ಇನ್ನೂ ಮುಖ್ಯ. ಒಂದು ಚೂಪು ಮೂಲೆಗೆ ಹಗ್ಗ ಕಟ್ಟಿ ನೇತು ಹಾಕಿದರೆ ಎದುರಿನಿಂದ ಬರುವ ರೇಡಾರ್ ಅಲೆಗೆ ತಗಡಿನ ಅಂಚೇ ಸಿಗುತ್ತದೆ. 'ಮಳೆ ಹಿಡಿಯುವ ಹಾಗೆ' ಇರಬೇಕು ಅಂತ ಸಮುದ್ರದವರು ಹೇಳುತ್ತಾರೆ. ಅಂದರೆ ಒಂದು ಗೂಡು ಬಟ್ಟಲಿನ ಹಾಗೆ ನೇರ ಮೇಲಕ್ಕೆ ಬಾಯಿ ತೆರೆದಿರಬೇಕು. ನೆಲದ ಮೇಲೆ ಇಟ್ಟರೆ ಅದು ಮೂರು ಮೂಲೆ ಊರಿ ತಾನಾಗೇ ಹಾಗೆ ಕೂರುತ್ತದೆ. ಜುಲೈ ತಿಂಗಳಲ್ಲಿ ಕಣದಲ್ಲಿ ಬಿಟ್ಟು ಮಲಗಿದ್ದೆವು. ಬೆಳಿಗ್ಗೆ ಎದ್ದು ನೋಡಿದರೆ ಮೇಲಿನ ಗೂಡಿನ ತುಂಬ ನೀರು, ನಮ್ಮ ನಾಯಿ ಅದನ್ನು ಕುಡಿಯುತ್ತಿತ್ತು. ಸಂದಿಗೆ ಎಂ-ಸೀಲ್ ತುಂಬಿದ್ದು ಸರಿಯಾಗಿದೆ ಅಂತಲೂ ಗೊತ್ತಾಯಿತು. ಆ ಬಟ್ಟಲಿನ ಬಾಯಿಯ ಮೂರು ಮೂಲೆಗೂ ಸಮ ಉದ್ದದ ಹಗ್ಗ ಕಟ್ಟಿ, ಮೇಲೆ ಒಂದೇ ಗಂಟಿಗೆ ಸೇರಿಸಿ. ಕೆಳಗಿನಿಂದಲೂ ಒಂದು ಹಗ್ಗ ಎಳೆದು ಕಟ್ಟಿ, ಇಲ್ಲದಿದ್ದರೆ ಗಾಳಿಗೆ ತಿರುಗುತ್ತಲೇ ಇರುತ್ತದೆ. ನೀರಿನಿಂದ ಕಡಿಮೆ ಅಂದರೂ 4 ಮೀಟರ್ ಮೇಲಿರಲಿ. ನೀರು ಚೆಲ್ಲಲು ತಳದಲ್ಲಿ ಒಂದು ಸಣ್ಣ ತೂತು ಇರಲಿ.

ಇಷ್ಟಾದ ಮೇಲೂ ನೆಮ್ಮದಿಯಾಗಿ ನಿದ್ದೆ ಮಾಡುವ ಹಾಗಿಲ್ಲ. ಸಮುದ್ರ ಎದ್ದಾಗ ಅಲೆಗಳೇ ರೇಡಾರ್ ತೆರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ತುಂಬಿಕೊಳ್ಳುತ್ತವೆ. ಆಫೀಸರ್ ಒಂದು ಗುಂಡಿ ತಿರುಗಿಸಿ ಅವನ್ನು ಕಡಿಮೆ ಮಾಡುತ್ತಾನೆ. ಕಾಫಿ ಜರಡಿ ಹಿಡಿದ ಹಾಗೆ ಅದು. ಕಸದ ಜೊತೆ ಸಣ್ಣ ಬೀಜವೂ ಕೆಳಗೆ ಹೋಗುತ್ತದೆ. ಆ ಸಣ್ಣ ಬೀಜ ನೀವು. ಜೋರು ಮಳೆಯಲ್ಲಿ ಹಡಗಿನವರು 3 ಸೆಂಟಿಮೀಟರ್ ಅಲೆಯ ಎಕ್ಸ್ ಬ್ಯಾಂಡ್ ರೇಡಾರ್ ಬಿಟ್ಟು 10 ಸೆಂಟಿಮೀಟರ್‌ನ ಎಸ್ ಬ್ಯಾಂಡ್ ನೋಡುತ್ತಾರೆ, ಅದು ಮಳೆಯನ್ನು ತೂರಿ ನೋಡುತ್ತದೆ ಅಂತ. ಆದರೆ ಅದೇ ರಿಫ್ಲೆಕ್ಟರ್ ಎಸ್ ಬ್ಯಾಂಡ್‌ಗೆ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಕಾಣುತ್ತದೆ. ನೀವು ಕಾಣಲೇಬೇಕಾದ ಹೊತ್ತಿನಲ್ಲೇ ಕಾಣುವುದು ಕಡಿಮೆ. ದುಡ್ಡಿದ್ದರೆ ಬಂದ ಅಲೆಯನ್ನು ಹಿಡಿದು ಜೋರು ಮಾಡಿ ವಾಪಸ್ ಕಳಿಸುವ ವಿದ್ಯುತ್ ಸಾಧನ ಸಿಗುತ್ತದೆ. ಎರಡೂ ಬ್ಯಾಂಡಿಗೆ ಉತ್ತರ ಕೊಡುವುದನ್ನೇ ಕೇಳಿ ತನ್ನಿ.

ಎಐಎಸ್ ವಿಷಯ ನಮ್ಮೂರಿನವರಿಗೆ ಹೇಳುವುದು ಸುಲಭ. ಅರಣ್ಯ ಇಲಾಖೆ ಇಲ್ಲಿ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದೆ. ಆನೆ ಎಲ್ಲಿದೆ ಅಂತ ಮೊಬೈಲ್‌ಗೆ ಮೆಸೇಜ್ ಬರುತ್ತದೆ. ಎಐಎಸ್ ಅಂದರೆ ದೋಣಿಗೆ ಹಾಕಿದ ಕಾಲರ್. ಹೆಸರು, ಜಾಗ, ವೇಗ, ದಿಕ್ಕು ಎಲ್ಲವನ್ನೂ ವಿಎಚ್‌ಎಫ್ ಅಲೆಯಲ್ಲಿ ಸಾರುತ್ತದೆ. ದೇಶದಿಂದ ದೇಶಕ್ಕೆ ಓಡಾಡುವ 300 ಗ್ರಾಸ್ ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಿಗೆ ಇದು ಕಡ್ಡಾಯ. ಆದರೆ ಮೆಸೇಜ್ ನೋಡದೆ ತೋಟಕ್ಕೆ ಹೋದವನಿಗೆ ಕಾಲರ್‌ನಿಂದ ಏನು ಪ್ರಯೋಜನ? ಸಣ್ಣ ದೋಣಿಗಳು ಜಾಸ್ತಿ ಇರುವ ಕಡೆ ಕೆಲವು ಆಫೀಸರ್‌ಗಳು ಅವುಗಳ ಗುರುತನ್ನು ತೆರೆಯಿಂದ ಅಡಗಿಸಿಡುತ್ತಾರೆ. ನಾನೂ ಮಾಡಿದ್ದೇನೆ.

ಕೊಳ್ಳುವಾಗ ಹುಷಾರು. ಅಗ್ಗದ ಪೆಟ್ಟಿಗೆಗಳು ಬರೀ ಕೇಳುತ್ತವೆ, ಹೇಳುವುದಿಲ್ಲ. ಹಡಗುಗಳು ನಿಮಗೆ ಕಾಣುತ್ತವೆ, ನೀವು ಅವಕ್ಕೆ ಕಾಣುವುದಿಲ್ಲ. ಕಳಿಸುವ ಸಾಮರ್ಥ್ಯ ಇರುವ, ಕ್ಲಾಸ್ ಬಿ ಅನ್ನುವ ಸಣ್ಣ ದೋಣಿಯ ಎಐಎಸ್ ಬೇಕು. ಸಾಮಾನ್ಯ ಮಾದರಿ 2 ವ್ಯಾಟ್‌ನದ್ದು, 30 ಸೆಕೆಂಡಿಗೊಮ್ಮೆ ಜಾಗ ಹೇಳುತ್ತದೆ. ವೇಗ 2 ನಾಟ್‌ಗಿಂತ ಇಳಿದರೆ 3 ನಿಮಿಷಕ್ಕೊಮ್ಮೆ ಮಾತ್ರ. ಗಾಳಿ ಬಿದ್ದು ನೀವು ತೇಲುತ್ತಿದ್ದೀರಿ ಅಂದುಕೊಳ್ಳಿ. ಎರಡು ಮೆಸೇಜ್ ನಡುವೆ 20 ನಾಟ್‌ನ ಹಡಗು ಒಂದು ಮೈಲಿ ಹತ್ತಿರ ಬಂದಿರುತ್ತದೆ. 5 ವ್ಯಾಟ್‌ನ ಮಾದರಿ ಇನ್ನೂ ಉತ್ತಮ. ಆಂಟೆನಾ ಕಂಬದ ತುದಿಗೇ ಹಾಕಿ. ಇದಕ್ಕೆ ಎಂಎಂಎಸ್‌ಐ ಅನ್ನುವ 9 ಅಂಕಿಯ ಗುರುತಿನ ಸಂಖ್ಯೆ ಬೇಕು, ಭಾರತದ ದೋಣಿಗಳದ್ದು 419ರಿಂದ ಶುರುವಾಗುತ್ತದೆ. ರೇಡಿಯೋಗೆ ಲೈಸೆನ್ಸ್ ಕೂಡ ಬೇಕು. ಕಾಗದಪತ್ರಕ್ಕೆ ನಮಗೆ ದೋಣಿ ರಿಪೇರಿಗಿಂತ ಜಾಸ್ತಿ ದಿನ ಹಿಡಿಯಿತು.

ಹಗಲಿನದ್ದು ಚುಟುಕಾಗಿ ಹೇಳುತ್ತೇನೆ. ಅಳಿಯ ದೋಣಿಗೆ ಕಡುನೀಲಿ ಬಣ್ಣ ಹೊಡೆಸಬೇಕು ಅಂತಿದ್ದ, ಬೇಡ ಅಂದೆ. ದೊಡ್ಡ ಹಾಯಿಯ ಮೇಲ್ತುದಿಗೆ ಹೊಳೆಯುವ ಕಿತ್ತಳೆ ಬಟ್ಟೆಯ ತುಂಡು ಹೊಲಿಸಿದೆವು. ಹಾಯಿ, ಎಂಜಿನ್ ಎರಡೂ ಹಾಕಿ ಹೋಗುವಾಗ ಮುಂದೆ ಚೂಪು ಕೆಳಗಾದ ಕಪ್ಪು ಶಂಕು ನೇತು ಹಾಕಬೇಕು ಅಂತ ನಿಯಮ ಇದೆ, ಸಣ್ಣ ದೋಣಿಗೂ ರಿಯಾಯಿತಿ ಇಲ್ಲ. ಜೇಬಲ್ಲಿ ಒಂದು ಸಣ್ಣ ಕನ್ನಡಿ ಇರಲಿ, ಬಿಸಿಲು ಹೊಳೆಸಲು.

ರಾತ್ರಿ ಕೈಗೆ ಸಿಗುವ ಹಾಗೆ ಇರಬೇಕಾದ್ದು ಎರಡು. ಒಂದು ಪ್ರಖರವಾದ ಟಾರ್ಚ್. ಅದನ್ನು ಬ್ರಿಡ್ಜ್‌ನತ್ತ ಬಿಟ್ಟು ಅವರ ಕಣ್ಣು ಕೋರೈಸಬೇಡಿ. ನಿಮ್ಮ ಹಾಯಿಯ ಮೇಲೆ ಬಿಡಿ, ಇಡೀ ಹಾಯಿಯೇ ದೀಪವಾಗುತ್ತದೆ. ಇನ್ನೊಂದು ಬಿಳಿ ಕೈಪಂಜು, ಅಂದರೆ ವೈಟ್ ಫ್ಲೇರ್. ಕೆಂಪು ಫ್ಲೇರ್ ಹಚ್ಚಿದರೆ 'ಕಾಪಾಡಿ' ಅಂತ ಅರ್ಥ, ಹಡಗು ನಿಮ್ಮ ಕಡೆಗೇ ಬರಬಹುದು! ಬಿಳಿ ಅಂದರೆ 'ಇಲ್ಲಿದ್ದೇನೆ, ದೂರ ಹೋಗು'. ಗಾಳಿ ಬೀಸಿ ಹೋಗುವ ಕಡೆಗೆ ಕೈ ಚಾಚಿ ಹಿಡಿಯಿರಿ, ಅದನ್ನು ನೋಡಬೇಡಿ. ಒಮ್ಮೆ ನೋಡಿದರೆ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು.

ಹಡಗು ನಿಮ್ಮನ್ನು ನೋಡಿದೆಯೋ ಇಲ್ಲವೋ ಅಂತ ಊಹೆ ಮಾಡುತ್ತ ಕೂರಬೇಡಿ. ಕೈ ದಿಕ್ಸೂಚಿ ಹಿಡಿದು ಅದರ ದಿಕ್ಕನ್ನು ಎರಡೆರಡು ನಿಮಿಷಕ್ಕೆ ಬರೆದುಕೊಳ್ಳಿ. ದಿಕ್ಕು ಬದಲಾಗದೆ ಹಡಗು ದೊಡ್ಡದಾಗುತ್ತಿದ್ದರೆ ಡಿಕ್ಕಿ ಆಗುತ್ತದೆ. ಯಂತ್ರದ ಹಡಗು ಹಾಯಿದೋಣಿಗೆ ದಾರಿ ಬಿಡಬೇಕು ಅಂತ ನಿಯಮ ಇರುವುದು ನಿಜ. ಕಿರಿದಾದ ಬಂದರಿನ ಚಾನೆಲ್‌ನಲ್ಲಿ ಅದು ತಿರುಗುಮುರುಗು, ಅಲ್ಲಿ ನೀವು ಅಡ್ಡ ಬರಬಾರದು. ನಾನಂತೂ ಅಳಿಯನಿಗೆ ಎಲ್ಲ ಕಡೆಯೂ ಬೇಗನೆ, ಹಡಗಿಗೆ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿ ತಿರುಗು ಅಂದಿದ್ದೇನೆ. ಐದೈದು ಡಿಗ್ರಿ ತಿರುಗಿಸಿದರೆ ಬ್ರಿಡ್ಜ್‌ನವನಿಗೆ ಗೊತ್ತೇ ಆಗುವುದಿಲ್ಲ.

ಕಟ್ಟಿದ್ದೆಲ್ಲ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಕೇಳುವುದೇ ಸುಲಭ. ನವೆಂಬರ್‌ನಲ್ಲಿ ಹಗಲು ಹೊತ್ತು, ಸಮುದ್ರ ಶಾಂತ ಇದ್ದಾಗ ಅಳಿಯ ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಒಂದು ಹಡಗನ್ನು ಅದರ ಹೆಸರು ಹಿಡಿದು ಕರೆದ. ಹೆಸರು ಎಐಎಸ್‌ನಲ್ಲಿ ಸಿಕ್ಕಿತ್ತು. ಬೇರೆ ಚಾನೆಲ್‌ಗೆ ಹೋಗಿ, ಎಐಎಸ್ ಬಿಟ್ಟು ಬರೀ ರೇಡಾರ್‌ನಲ್ಲಿ ನಾನು ಕಾಣ್ತೀನಾ, ಎಷ್ಟು ದೂರದಿಂದ ಕಂಡೆ ಅಂತ ಕೇಳಿದ. ಆಫೀಸರ್ ಒಳ್ಳೆಯವನು, ತಾಳ್ಮೆಯಿಂದ ನೋಡಿ ಹೇಳಿದ. ನಾಲ್ಕು ಮೈಲಿಯಿಂದ ಸಿಕ್ಕಿದೆ, ನಡುನಡುವೆ ಮಾಯ ಆಗ್ತಿದೆ ಅಂದನಂತೆ. ಅಳಿಯ ಅಲ್ಲಿಂದಲೇ ನನಗೆ ಫೋನ್ ಮಾಡಿದ. ನಾನು ಕಾಫಿ ಹಣ್ಣು ಅಳೆಸುತ್ತಿದ್ದೆ. ರಿಫ್ಲೆಕ್ಟರ್ ಹೇಗಿದೆ ನೋಡು ಅಂದೆ. ಕೆಳಗಿನ ಹಗ್ಗ ಸಡಿಲವಾಗಿ, ಅದು ಒಂದು ಮೂಲೆಗೆ ವಾಲಿಕೊಂಡು ನೇತಾಡುತ್ತಿತ್ತಂತೆ.